ಧೋತರದ ಸೀತನಿ

ಆಲಮೇಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಮೂಗಿಗೆ ಬಡಿದದ್ದು ಸೀತನಿ ಸುಡುವ ವಾಸನೆ. ಹಾಲುಗಾಳು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಆ ಹಸಿರು ಕಾಳನ್ನು ಶೇಂಗಾ ಚಟ್ನಿಯ ಜೊತೆ ಬಾಯಿಗೆ ಹಾಕಿಕೊಳ್ಳುವ ಭಾಗ್ಯ ನಮ್ಮ ಕಡೆ ಚಳಿಗಾಲದಲ್ಲಿ ಕೆಲವೇ ವಾರ ಇರುತ್ತದೆ. ಧಾರವಾಡದಲ್ಲಿ ಕೂತವಳಿಗೆ ಅದು ಕನಸಿನಲ್ಲಿ ಮಾತ್ರ. ರಸ್ತೆ ಬದಿಯಲ್ಲಿ ಒಬ್ಬ ಹೆಣ್ಣುಮಗಳು ಬುಟ್ಟಿ ಇಟ್ಟುಕೊಂಡು ಕೂಗುತ್ತಿದ್ದಳು.

"ಧೋತರದ ಸೀತನಿರೀ! ಖರೇ ಧೋತರದ್ದು, ಬರ್ರಿ!"

ನಾನು ನಿಂತೆ. "ಧೋತರದ ಸೀತನಿ ಅಂತ ಯಾಕ ಅಂತಾರವಾ?"

"ಯಾರಿಗ್ಗೊತ್ರಿ. ಹೆಸರ ಹಂಗೈತಿ. ಕಾಳು ಧೋತರದಂಗ ಮೆತ್ತಗ ಇರತಾವಲ್ಲ, ಅದಕ್ಕಿರಬೇಕು. ತಗೋರಿ, ಬಾಯಾಗ ಹಾಕ್ಕೊಂಡ ನೋಡ್ರಿ."

"ಈಗ ಬ್ಯಾಡವಾ, ಉಣ್ಣಾಕ ಹೊಂಟೇನಿ" ಎಂದೆ. ನಗು ತಡೆಯಲಾಗಲಿಲ್ಲ. ಆ ಧೋತರ ಯಾರದು, ಅದನ್ನು ಹರಿದವರು ಯಾರು, ಹರಿದ ದಿನ ಎಷ್ಟು ಚಳಿಯಿತ್ತು ಎಲ್ಲವೂ ನನಗೆ ಗೊತ್ತು. ನಾನು ಹೊರಟದ್ದು ಕೂಡ ಆ ಕಥೆ ನಡೆದ ಹೊಲಕ್ಕೇ. ಹೊಲದ ಒಡತಿ ತಾರಾಬಾಯಿ ವಾರದ ಹಿಂದೆ ಫೋನ್ ಮಾಡಿದ್ದಳು: "ಬಾಯಾರ, ಸೀತನಿ ಬಂದೈತಿ. ಈ ಸಲ ತಪ್ಪಸಬ್ಯಾಡ್ರಿ. ನಿಮ್ಮ ಕೂಡ ಒಂದ ಕೆಲಸಾನೂ ಐತಿ." ಏನು ಕೆಲಸ ಎಂದರೆ ಹೇಳಲಿಲ್ಲ. ಆಕೆ ಹಾಗೆಯೇ.

ಸಿಂದಗಿಯಿಂದ ಆಲಮೇಲಕ್ಕೆ ಬರುವ ದಾರಿಯಲ್ಲಿ, ವರ್ಷಗಳ ಹಿಂದೆ ನಾನು ನಡೆಸುತ್ತಿದ್ದ, ನಮ್ಮ ಕೃಷಿ ವಿಶ್ವವಿದ್ಯಾಲಯದ ಒಂದು ಜೋಳ ಸಂಶೋಧನಾ ಕೇಂದ್ರವಿದೆ. ಹೆಸರು ಉದ್ದ, ಕಟ್ಟಡ ಗಿಡ್ಡ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಮನೆಗಳಿಂದ ಜವಾರಿ ಜೋಳದ ತಳಿಗಳನ್ನು ತಂದು ಉಳಿಸುವುದು ನಮ್ಮ ಕೆಲಸ. ರೊಟ್ಟಿಗೆ ಒಂದು, ಸೀತನಿಗೆ ಒಂದು, ದನದ ಮೇವಿಗೆ ಒಂದು, ಮಳೆ ಕೈಕೊಟ್ಟ ವರ್ಷಕ್ಕೆಂದೇ ಒಂದು. ಎಲ್ಲವೂ ಒಂದು ತಣ್ಣನೆಯ ಕೋಣೆಯಲ್ಲಿ ಡಬ್ಬಿಗಳಲ್ಲಿ ಮಲಗಿರುತ್ತಿದ್ದವು. ರೈತರು ನನ್ನನ್ನು 'ಜ್ವಾಳದ ಬಾಯಾರು' ಅನ್ನುತ್ತಿದ್ದರು. ನಾನು ಮುದ್ದೇಬಿಹಾಳದವಳು, ಮಾತು ಒರಟು, ಸಿಟ್ಟು ಮೂಗಿನ ತುದಿಯಲ್ಲಿ. ಜೋಳದ ಮೇಲೆ ಮಾತ್ರ ಎಂದೂ ಸಿಟ್ಟಾದವಳಲ್ಲ.

ನನ್ನ ಜೊತೆಗಿದ್ದ ಸಂಶೋಧಕ ಮಿಲಿಂದ, ತಾರಾಬಾಯಿಯ ಮಗ. ಆಲಮೇಲದ ಬೌದ್ಧ ಕುಟುಂಬ. ಜೋಳದ ಮೇಲೆಯೇ ಡಾಕ್ಟರೇಟ್ ಮಾಡಿದವನು, ಆದರೆ ಕೆಲಸ ಗುತ್ತಿಗೆಯದು. ಅನುದಾನ ಇರುವವರೆಗೆ ಸಂಬಳ. ಮಾತು ಕಡಿಮೆ, ಆಡಿದರೆ ಚುಚ್ಚುವಂಥದು. ನಾನು ಅವನನ್ನು ಬೈಯದ ದಿನವಿಲ್ಲ, ಅವನಿಲ್ಲದೆ ನಾನು ಒಂದು ಡಬ್ಬಿ ತೆರೆದವಳೂ ಅಲ್ಲ.

ಒಂದು ವರ್ಷ ಮಾರ್ಚ್ ತಿಂಗಳ ಕೊನೆಗೆ, ಬಿಸಿಲಿಗೆ ಎರೆಮಣ್ಣು ಬಾಯಿಬಿಡುವ ಹೊತ್ತಿಗೆ, ನಿರ್ದೇಶಕರ ಫೋನ್ ಬಂತು.

"ಅನುದಾನ ಇಲ್ಲಿಗೆ ಮುಗೀತು ಮೇಡಂ. ಸರ್ಕಾರ ಮುಂದುವರಿಸೋದಿಲ್ಲವಂತೆ. ನೀವು ಸ್ವಂತ ಸಂಪನ್ಮೂಲ ಹುಡುಕಿಕೊಳ್ಳಿ. ಹಿಂಗಾರಿ ಮುಗಿಯೋದರೊಳಗೆ ದಾರಿ ಕಾಣದಿದ್ದರೆ ಕೇಂದ್ರ ಮುಚ್ಚಿ ಬೀಜಗಳನ್ನ ಇಲ್ಲಿಗೆ ಕಳಿಸಿಬಿಡಿ."

"ಕಳಿಸಿದ್ರೆ ಏನು ಮಾಡ್ತೀರಿ ಸರ್?"

"ಇಡ್ತೀವಿ."

ಇಡ್ತೀವಿ! ಬೀಜ ಇಟ್ಟರೆ ಉಳಿಯುವ ವಸ್ತುವೇ? ತಣ್ಣಗಿಟ್ಟರೂ ಒಂದು ಕಾಲಕ್ಕೆ ಅದನ್ನು ಬಿತ್ತಿ, ಬೆಳೆದು, ಹೊಸದು ಮಾಡಿಕೊಳ್ಳಬೇಕು. ಇಲ್ಲದಿದ್ದರೆ ನೋಡಲು ಕಾಳು, ಒಳಗೆ ಹೆಣ. ಆ ವರ್ಷ ನಮ್ಮ ಎಷ್ಟೋ ತಳಿಗಳು ಅಂಚಿಗೆ ಬಂದಿದ್ದವು. ಮಿಲಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಕಾಳುಗಳಲ್ಲಿ ಅರ್ಧಕ್ಕರ್ಧ ಮೊಳಕೆಯೇ ಒಡೆದಿರಲಿಲ್ಲ. ಎಲ್ಲಕ್ಕಿಂತ ಕೆಟ್ಟ ಸ್ಥಿತಿ 'ಗೌಡರ ಸೀತನಿ'ಯದು. ಬಾಗೇವಾಡಿ ಕಡೆಯ ಸಿದ್ದನಗೌಡರ ಮನೆಯಿಂದ ಬಂದ ತಳಿ. ಅವರ ಮನೆಯಲ್ಲೂ ಈಗ ಅದರ ಕಾಳಿಲ್ಲ. ಬರುವ ಹಿಂಗಾರಿಯಲ್ಲಿ ಬಿತ್ತದಿದ್ದರೆ ಆ ರುಚಿ ಭೂಮಿಯ ಮೇಲಿಂದಲೇ ಹೋದಂತೆ. ಬಿತ್ತಬೇಕಾದರೆ ಕೇಂದ್ರ ಬದುಕಿರಬೇಕು.

ಬೇಸಿಗೆಯೆಲ್ಲ ತಿರುಗಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನನಗೆ ದೇವರೇ ಸಿಗಲಿಲ್ಲ. ಕಚೇರಿಯಿಂದ ಕಚೇರಿಗೆ ಹೋಗಿ ಕೂತು ನಮ್ಮ ವರದಿಗಳನ್ನು ತೋರಿಸಿದೆ. ದಪ್ಪ ದಪ್ಪ ವರದಿಗಳು. ಒಬ್ಬ ಅಧಿಕಾರಿ ಪುಟ ಮಗುಚಿ, "ಇದನ್ನ ಯಾರು ಓದ್ತಾರ್ರಿ?" ಎಂದು ನಿಜವಾಗಿ ತಿಳಿಯದೇ ಕೇಳಿದ. ಸಿಟ್ಟಿನಿಂದ ವರದಿ ಕಸಿದುಕೊಂಡು ಎದ್ದೆ. ಬಸ್ಸಿನಲ್ಲಿ ತಿರುಗಿ ಬರುವಾಗ ಅದೇ ಪ್ರಶ್ನೆ ತಲೆಯೊಳಗೆ ಕೂತಿತು. ಅನುದಾನ ಬರುತ್ತಿದ್ದಷ್ಟು ದಿನ ನಾವು ಅನುದಾನ ಕೊಟ್ಟವರಿಗಾಗಿ ಬರೆದೆವು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಈ ಕೇಂದ್ರ ನಾಳೆ ಮುಚ್ಚಿದರೆ ಸಂಕಟಪಡುವವರು ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಹಾಗೆ ಹುಡುಕುತ್ತ ಹೋದಾಗ ಮೊದಲು ಸಿಕ್ಕವರು ಇಂಡಿಯ ರೊಟ್ಟಿ ಹೆಣ್ಣುಮಕ್ಕಳು. ಸಂಘ ಕಟ್ಟಿಕೊಂಡು ಖಡಕ್ ರೊಟ್ಟಿ ಮಾಡಿ ಊರೂರಿಗೆ ಕಳಿಸುವವರು. ಅಂಚು ಒಡೆಯದ, ತೆಳ್ಳಗೆ ಬಡಿಯಲು ಬರುವ ಹಿಟ್ಟು ಯಾವ ಜೋಳದ್ದು ಎಂಬುದು ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಜೋಳ ಕೊಳ್ಳುವ ಮೊದಲು ನಮ್ಮಲ್ಲಿ ಪರೀಕ್ಷೆ ಮಾಡಿಸುತ್ತೇವೆ, ಅದಕ್ಕೆ ಕೊಡುವುದನ್ನು ಕೊಡುತ್ತೇವೆ ಎಂದರು. "ಮೊದಲ ಯಾಕ ಹೇಳಲಿಲ್ರಿ ನೀವು ಇದನ್ನೆಲ್ಲಾ ಮಾಡ್ತೀರಂತ? ನಾವು ಅದು ಗೊಬ್ಬರದ ಆಫೀಸ ಅಂತ ತಿಳದಿದ್ವಿ!" ಎಂದು ನಮಗೇ ಬೈದರು. ಕರೆಂಟಿನ ಬಿಲ್ಲಿಗೆ, ಮಿಲಿಂದನ ಅರ್ಧ ಸಂಬಳಕ್ಕೆ ದಾರಿಯಾಯಿತು. ಆದರೆ ತಳಿಗಳನ್ನೆಲ್ಲ ಬಿತ್ತಿ ಬೆಳೆಯುವ ಆಳು, ಹೊಲ ಎಲ್ಲಿಂದ ತರುವುದು?

ಮಳೆ ಹಿಡಿದ ಮೇಲೆ ನಾಲ್ಕೂ ತಾಲೂಕಿನ ರೈತರನ್ನು ಕೇಂದ್ರದ ಬೇವಿನ ಗಿಡದ ಕೆಳಗೆ ಕೂಡಿಸಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಆಮೇಲೆ ಸಿದ್ದನಗೌಡರು ಎದ್ದರು. ದೊಡ್ಡ ಹೊಲದವರು, ಬಾಗೇವಾಡಿ ಕಡೆಯ ನಾಲ್ಕು ಊರು ಅವರ ಮಾತು ಕೇಳುತ್ತದೆ. ಬಿಳಿ ಧೋತರ ಸದಾ ಇಸ್ತ್ರಿ.

"ಇದಕ್ಕ್ಯಾಕ ಇಷ್ಟ ಚಿಂತಿ ಮಾಡ್ತೀರಿ ಬಾಯಾರ? ನಮ್ಮ ಹಿರೇರು ದಾರಿ ಹಾಕಿಟ್ಟಾರ. ರಾಶಿ ದಿನ ಬಡಿಗ್ಯಾರಿಗೆ, ಕಂಬಾರರಿಗೆ ಆಯ ಕೊಡತಿದ್ವಿ ಇಲ್ಲೋ? ವರ್ಷಪೂರ್ತಿ ದುಡದಾರ, ಅವರ ಪಾಲು ಕೊಡಬೇಕಂತ. ಹಂಗ ಈ ಕೇಂದ್ರಕ್ಕೂ ಆಯ ಕೊಡೋಣು. ರಾಶಿ ಆದ ದಿನ ನಿಮ್ಮ ಮಂದಿ ಕಣಕ್ಕ ಬರ್ಲಿ, ನಾವು ಕೈಯೆತ್ತಿ ಹಾಕ್ತೇವಿ. ಸರ್ಕಾರದ ಹಂಗ್ಯಾಕ?"

ಜನ ಚಪ್ಪಾಳೆ ಹೊಡೆದರು. ನನ್ನ ಕಣ್ಣಲ್ಲಿ ನೀರೇ ಬಂತು. ಅಷ್ಟರಲ್ಲಿ ಹಿಂದಿನಿಂದ ಮಿಲಿಂದನ ದನಿ ಕೇಳಿತು.

"ಆಯ ಬ್ಯಾಡ್ರಿ."

ಎಲ್ಲರೂ ತಿರುಗಿದರು. ಅವನು ಗಿಡಕ್ಕೆ ಆತು ನಿಂತಿದ್ದ.

"ಬಡಿಗ್ಯಾರು ಕಂಬಾರರು ಆಯ ತಗೊಂಡದ್ದು ನೀವು ಹೇಳಿದ್ರಿ ಗೌಡ್ರ. ನಮ್ಮಜ್ಜ ತಗೊಂಡದ್ದು ನಾ ಹೇಳ್ತೇನಿ. ಕಣದ ಹೊರಗ ನಿಂದರಬೇಕಿತ್ತು. ಎಲ್ಲಾರ ಪಾಲು ಆಗಿ, ರಾಶಿ ಮನಿ ಸೇರಿದ ಮ್ಯಾಲೆ, ಕಡೀಕ ಉಳದ ಮಣ್ಣುಗಾಳು ದೂರಿಂದ ಅರಿವ್ಯಾಗ ಸುರೀತಿದ್ರು. ಅದೂ ಆಯಾನ. ನಾಳೆ ಕೇಂದ್ರದ ಮಂದಿ ಕಣಕ್ಕ ಬರ್ಲಿ ಅಂತೀರಿ. ಬರಾಂವ ಯಾರು? ನಾನ ಅಲ್ಲೇನ್ರಿ?"

ಗೌಡರ ಮುಖ ಕೆಂಪಾಯಿತು. "ತಮ್ಮಾ, ಅದು ಹಳೀ ಕಾಲ. ಈಗ ಯಾರ ಹಂಗ ಮಾಡ್ತಾರ? ನಾ ಗೌರವದ ಮಾತ ಆಡಿದೆ."

"ಕೊಡಾವ್ರಿಗೆ ಅದು ಗೌರವ ಕಾಣತೈತ್ರಿ. ಹೆಂಗ ಇರತೈತಿ ಅನ್ನೂದನ್ನ ತಗೊಂಡಾವ್ರು ಹೇಳಬೇಕು."

ಗೌಡರು ಶಲ್ಯ ಕೊಡವಿ ಎದ್ದು ಹೋದರು. ಅವರ ಹಿಂದೆ ಬಾಗೇವಾಡಿ ಕಡೆಯವರೆಲ್ಲ ಎದ್ದರು. ಉಳಿದವರು ಚಹಾ ಕುಡಿದು, ನೋಡೋಣ್ರಿ, ನೋಡೋಣ್ರಿ ಎಂದು ಚದುರಿದರು. ನಾನು ಮಿಲಿಂದನ ಮೇಲೆ ಹರಿಹಾಯ್ದೆ. ಒಂದು ಮಾತಿಗಾಗಿ ಇಡೀ ಕೇಂದ್ರ ಮುಳುಗಿಸಿದೆಯಲ್ಲೋ ಎಂದೆ. ಅವನು ತಣ್ಣಗೆ ಹೇಳಿದ: "ಮುಳಗಿದ್ರ ನನ್ನ ಅನ್ನಾನೂ ಮುಳಗತೈತ್ರಿ ಮೇಡಂ. ಆದ್ರೂ ಆ ಕಣದ ಹೊರಗ ನಾ ನಿಲ್ಲಾಂವಲ್ಲ." ಎರಡು ದಿನ ನಾವು ಮಾತಾಡಲಿಲ್ಲ.

ಮೂರನೆಯ ದಿನ ಅವನ ಮನೆಗೆ ಹೋದೆ. ತಾರಾಬಾಯಿ ಬುದ್ಧನ ಫೋಟೊದ ಕೆಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗನಿಗೆ ಬುದ್ಧಿ ಹೇಳು ಎನ್ನಲು ಹೋದವಳು ನಾನು.

"ಬಾಯಾರ, ಅವಾ ಬರೋಬ್ಬರಿ ಅಂದಾನ" ಎಂದಳು ಮೊರ ಕೆಳಗಿಡದೆ. "ಆಯಾ ಕೊಟ್ಟಾವ್ರು ಮ್ಯಾಲೆ, ತಗೊಂಡಾವ್ರು ಕೆಳಗ. ನಿಮಗ ಬೇಕಾದದ್ದು ಆಳಲ್ಲೇನು? ಮುಯ್ಯಿ ಮಾಡ್ರೆಲ್ಲ. ಇವತ್ತ ನೀ ನನ್ನ ಹೊಲಕ್ಕ ಬಾ, ನಾಳೆ ನಾ ನಿನ್ನ ಹೊಲಕ್ಕ ಬರ್ತೇನಿ. ಅದರಾಗ ಮ್ಯಾಲ ಕೆಳಗ ಇಲ್ಲ. ಒಬ್ಬೊಬ್ರು ಒಂದೊಂದು ಜ್ವಾಳ ತಮ್ಮ ಹೊಲದಾಗ ಹಾಕ್ಲಿ. ನಿಮ್ಮವರೂ ಅವರ ಹೊಲಕ್ಕ ಹೋಗಿ ದುಡೀರಿ."

ಮಾತು ಎಷ್ಟು ಸರಳವಾಗಿತ್ತೆಂದರೆ ನನಗೇ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ಆದರೆ ಬಾಗಿಲಲ್ಲಿ ನಿಂತಿದ್ದ ಮಿಲಿಂದ ಸೇರಿಸಿದ: "ಮುಯ್ಯಿ ನಡೀತೈತಿ. ಆದ್ರ ಈ ಊರಾಗ ನಮ್ಮವರ ಕೂಡ ಯಾರೂ ಮುಯ್ಯಿ ಮಾಡಿಲ್ಲ. ಗೌಡ್ರ ಸೀತನಿ ಬೆಳ್ಯಾಕ ನಮ್ಮವ್ವನ ಹೊಲಕ್ಕಿಂತ ಚಲೋ ಜಾಗಾ ಇಲ್ಲ, ನಿಮಗ ಗೊತ್ತೈತಿ. ಮುಯ್ಯಿ ಇಲ್ಲಿಂದ ಚಾಲೂ ಆಗ್ಲಿ."

ಗೊತ್ತಿತ್ತು. ಜೋಳದ ಹೂವಿನ ಪುಡಿ ಗಾಳಿಯಲ್ಲಿ ಹಾರಿ ಬಂದು ತಳಿ ಕೆಡಿಸುತ್ತದೆ. ತಾರಾಬಾಯಿಯ ಹೊಲದ ಸುತ್ತ ಭೀಮಾ ನೀರಿನ ಕಬ್ಬು. ಬೇರೆ ಜೋಳದ ಗಾಳಿಯೇ ಸೋಕದು. ಇಷ್ಟು ವರ್ಷ ಅದನ್ನು ವರದಿಯಲ್ಲಿ ಬರೆಯಲೂ ನನಗೆ ಹೊಳೆದಿರಲಿಲ್ಲ.

ಆ ಸಂಜೆ ಒಬ್ಬಳೇ ಯೋಚಿಸಿದೆ. ಪ್ರತಿ ಮಾರ್ಚಿನಲ್ಲಿ ದೊಡ್ಡ ಕಚೇರಿಯ ಬಾಗಿಲಲ್ಲಿ ನಾನು ಒಡ್ಡುತ್ತಿದ್ದುದೂ ಸೆರಗೇ. ಎಲ್ಲರ ಪಾಲು ಆದ ಮೇಲೆ ಉಳಿದದ್ದು ನಮಗೆ ಬರುತ್ತಿತ್ತು. ಅದಕ್ಕೆ ಅನುದಾನ ಎಂದು ಹೆಸರಿದ್ದುದರಿಂದ ನನಗೆ ಅವಮಾನ ಅನ್ನಿಸಿರಲಿಲ್ಲ ಅಷ್ಟೇ.

ಹಿಂಗಾರಿ ಬಂತು. ಮಣ್ಣಿನ ಹದ ನೋಡಿ ಫೋನ್ ಹಚ್ಚಿದೆ. ಇಂಡಿಯವರು ಬಂದರು, ಮುದ್ದೇಬಿಹಾಳದ ನಮ್ಮವರು ನನ್ನ ಬಾಯಿಗೆ ಹೆದರಿ ಬಂದರು. ಒಂದೊಂದು ಮನೆ ಒಂದೊಂದು ತಳಿ ಒಯ್ದಿತು. ಗೌಡರ ಸೀತನಿ ತಾರಾಬಾಯಿಯ ಹೊಲ ಸೇರಿತು. ಬಾಗೇವಾಡಿ ಕಡೆಯಿಂದ ಒಬ್ಬರೂ ಇಲ್ಲ. ಗೌಡರು ತಾವು ಬರದೆ ಒಬ್ಬ ಕೂಲಿಯಾಳನ್ನಷ್ಟೇ ಕಳಿಸಿದ್ದರು. ಮಿಲಿಂದ ಅವನಿಗೆ ಚಹಾ ಕುಡಿಸಿ, "ಮುಯ್ಯಿಗೆ ಪಗಾರದ ಆಳು ನಡೆಯೂದಿಲ್ಲಂತ ಹೇಳಪಾ" ಎಂದು ವಾಪಸು ಕಳಿಸಿದ. ಬಾಗೇವಾಡಿ ಕಡೆಯ ತಳಿಗಳೆಲ್ಲ ಡಬ್ಬಿಯಲ್ಲೇ ಉಳಿದಿದ್ದವು, ಹದ ಆರುತ್ತಿತ್ತು. ಅವನ್ನು ಕೇಂದ್ರದ ಹೊಲದಲ್ಲಿ ನಾನೂ ಮಿಲಿಂದನೂ ಕೈಯಾರೆ ಊರಿದೆವು. ಆಮೇಲೆ ಮುಯ್ಯಿ ತೀರಿಸಲು ಇಂಡಿಯ ಹೊಲಗಳಿಗೆ ಹೋಗಿ ಕಳೆ ತೆಗೆದೆವು. ನನ್ನ ಸೊಂಟ ಇವತ್ತಿಗೂ ಅದನ್ನು ಮರೆತಿಲ್ಲ. "ಸೈಂಟಿಸ್ಟ್ ಬಾಯಾರ, ಅದು ಕಳೆ ಅಲ್ರಿ, ಕಡ್ಲಿ!" ಎಂದು ರೊಟ್ಟಿಯವರು ನಕ್ಕು ನಕ್ಕು ಸಾಕಾದರು. ಬದುವಿನ ಬದಿಯ ಕಡಲೆ ನನ್ನ ಕೈಯಲ್ಲಿತ್ತು.

ಡಿಸೆಂಬರಿನಲ್ಲಿ ತೆನೆ ಹೊರಟವು. ಸುತ್ತ ಕಬ್ಬಿದ್ದರೂ ಗಾಳಿಯನ್ನು ನಂಬುವಂತಿಲ್ಲ; ತಳಿ ಕಲಬೆರಕೆಯಾಗದಿರಲು ಹೂವರಳುವ ಮೊದಲೇ ಬೀಜಕ್ಕೆ ಆಯ್ದ ತೆನೆಗಳಿಗೆ ಚೀಲ ತೊಡಿಸಬೇಕು. ಮೊದಲು ಕಾಗದದ ಚೀಲ ಮೇಲಿನಿಂದ ಬರುತ್ತಿದ್ದವು. ಆ ವರ್ಷ ಎಲ್ಲಿಯ ಚೀಲ? ಗಾಳಿಯಾಡುವ ತೆಳು ಬಟ್ಟೆ ಸಿಕ್ಕರೆ ತನ್ನಿ ಎಂದು ಎಲ್ಲರಿಗೂ ಹೇಳಿದ್ದೆ. ಕೊರೆಯುವ ಚಳಿಯಲ್ಲಿ ತಾರಾಬಾಯಿಯ ಹೊಲದಲ್ಲಿ ಕೂತು ಹಳೆ ಸೀರೆ ಹರಿಯುತ್ತಿದ್ದೆವು. ದಪ್ಪ ಬಟ್ಟೆ, ಉಪಯೋಗವಿಲ್ಲ. ಆಗ ಬದುವಿನಾಚೆ ಒಂದು ಟಂಟಂ ಆಟೊ ನಿಂತಿತು. ಇಳಿದದ್ದು ಸಿದ್ದನಗೌಡರ ಹೆಂಡತಿ ನೀಲವ್ವ, ಕಂಕುಳಲ್ಲಿ ದೊಡ್ಡ ಗಂಟು.

"ಗೌಡ್ರು ಬರ್ಲಿಲ್ಲೇನ್ರಿ?" ಎಂದೆ.

"ಗೌಡ್ರು ಬರ್ಲಿಲ್ಲ, ಅವರ ಧೋತರ ಬಂದಾವ" ಎಂದು ಗಂಟು ಬಿಚ್ಚಿದಳು.

ಹೊಲ ಹೊಲವೇ ನಕ್ಕಿತು. ಮಿಲಿಂದ ಬಾಯಿಗೆ ಕೈ ಅಡ್ಡ ಹಿಡಿದ. ತೆಳ್ಳನೆಯ, ಒಗೆದು ಒಗೆದು ಹೂವಾದ ಧೋತರಗಳು; ಇದಕ್ಕಿಂತ ಒಳ್ಳೆಯ ಬಟ್ಟೆ ಇರಲಿಲ್ಲ. ನೀಲವ್ವ ಸೂಜಿ ಹಿಡಿದು ತಾರಾಬಾಯಿಯ ಪಕ್ಕಕ್ಕೇ ಕೂತಳು.

"ಆಯಾ ಅಂದವರೂ ಅವರು, ಸಿಟ್ಟಾದವರೂ ಅವರು. ನನ್ನ ಯಾರ ಕೇಳಿದ್ರು? ಈ ಸೀತನಿ ನನ್ನ ಅತ್ತಿ ನನ್ನ ಉಡಿಯಾಗ ಹಾಕಿದ್ದು. ವರ್ಷಾ ತೆನಿ ಆರಿಸಿ, ಬೂದಿ ಹಚ್ಚಿ ಇಟ್ಟಾಕಿ ನಾನು. ಹೆಸರ ಮಾತ್ರ ಗೌಡ್ರ ಸೀತನಿ!"

ಮಧ್ಯಾಹ್ನದವರೆಗೆ ಇಬ್ಬರೂ ಚೀಲ ಹೊಲಿದರು. ಮುಯ್ಯಾಳಿಗೆ ಊಟ ಹಾಕುವುದು ಹೊಲದವರ ಪಾಳಿ. ತಾರಾಬಾಯಿ ಬುತ್ತಿ ಬಿಚ್ಚಿ ನಮಗೆಲ್ಲ ರೊಟ್ಟಿ ಬಡಿಸಿದಳು. ನೀಲವ್ವನ ಮುಂದೆ ಬಂದಾಗ ತಾರಾಬಾಯಿಯ ಕೈ ತಡೆಯಿತು. ನೀಲವ್ವ ತಲೆಯೆತ್ತಿದಳು.

"ಏನವಾ, ಮುಯ್ಯಾಳಿಗೆ ಉಣ್ಣಾಕ ಹಾಕೂದಿಲ್ಲೇನು? ಎಂಥಾ ಮನಿತನ ನಿಮ್ಮದು!"

ತಾರಾಬಾಯಿ ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡು ಎರಡು ರೊಟ್ಟಿ ಹೆಚ್ಚಿಗೆ ಇಟ್ಟಳು. ಆ ದಿನ ನಾನು ತಿಂದ ಪುಂಡಿಪಲ್ಯದ ರುಚಿ ಮತ್ತೆಲ್ಲೂ ಸಿಕ್ಕಿಲ್ಲ.

ಎಳ್ಳಮಾವಾಸ್ಯೆಗೆ ಮೊದಲು ಗೌಡರೇ ಬಂದರು. ಬದುವಿನ ಮೇಲೆ ನಿಂತು ಸಾಲಾಗಿ ಬಿಳಿ ಟೊಪ್ಪಿಗೆ ಹಾಕಿಕೊಂಡ ತೆನೆಗಳನ್ನು ನೋಡಿದರು. ಒಂದನ್ನು ಮುಟ್ಟಿ ಕರಿ ಅಂಚು ಗುರುತಿಸಿದರು.

"ಅಯ್ಯ ಶಿವನ! ಮಗಳ ಲಗ್ನದಾಗ ಉಟ್ಟ ಧೋತರ ಇದು! ಚಲೋದೂ ಹರದ್ಯಾಳ!" ಆಮೇಲೆ ಮಿಲಿಂದನ ಕಡೆ ತಿರುಗಿದರು. "ತಮ್ಮಾ, ಮುಯ್ಯಿಗೆ ಧೋತರ ಕಳಿಸಿದ್ರ ನಡೀತೈತೇನು, ಇಲ್ಲಾ ಖುದ್ದ ಬರಬೇಕೇನು?"

"ಖುದ್ದ ಬರಬೇಕ್ರಿ" ಎಂದ ಮಿಲಿಂದ. "ಬಂದೀರೆಲ್ಲ. ಕುರಪಿ ಅಲ್ಲೈತಿ."

ಗೌಡರು ಧೋತರ ಮೇಲೆ ಕಟ್ಟಿ ಒಂದು ಸಾಲು ಕಳೆ ತೆಗೆದರು. ಕ್ಷಮೆ ಕೇಳಲಿಲ್ಲ, ಯಾರೂ ಕೇಳಿಸಿಕೊಳ್ಳಲು ಕಾದೂ ಇರಲಿಲ್ಲ. ಊಟಕ್ಕೆ ಕರೆದಾಗ ಮಾತ್ರ, "ಉಂಡ ಬಂದೇನಿ" ಎಂದು ಶಲ್ಯ ಹೆಗಲಿಗೆ ಹಾಕಿದರು.

ತಾರಾಬಾಯಿ ರೊಟ್ಟಿಯ ಬುಟ್ಟಿ ಮುಚ್ಚುತ್ತ ಅಂದಳು, "ಆತ್ರಿ ಗೌಡ್ರ. ಮುಂದಿನ ವರ್ಷ ಹಸಗೊಂಡ ಬರ್ರಿ."

ಬೀಜ ಉಳಿಯಿತು. ಬಾಗೇವಾಡಿಯವರು ಒಬ್ಬೊಬ್ಬರಾಗಿ ಬಂದರು. ವಿಶ್ವವಿದ್ಯಾಲಯ ಕೇಂದ್ರ ಮುಚ್ಚಲಿಲ್ಲ, ದುಡ್ಡನ್ನೂ ಕೊಡಲಿಲ್ಲ. ಕೊಯ್ಲಿನ ದಿನ ತಾರಾಬಾಯಿ ಕೇಂದ್ರದ ಹೊಲಕ್ಕೆ ಬಂದು ನನ್ನ ಪಕ್ಕದ ಸಾಲು ಹಿಡಿದಳು. ಆ ರಾಶಿ ಮುಗಿಯುವುದರೊಳಗೆ ನನಗೆ ಧಾರವಾಡಕ್ಕೆ ವರ್ಗವಾಯಿತು. ಈಗ ಕೇಂದ್ರ ನಡೆಸುವವನು ಮಿಲಿಂದ. ರೊಟ್ಟಿ ಸಂಘಗಳು, ಸೀತನಿ ಬೀಜ ಒಯ್ಯುವವರು, ಮುಯ್ಯಿಗೆ ಬರುವವರು ಎಲ್ಲ ಸೇರಿ ಅದನ್ನು ಎಳೆಯುತ್ತಿದ್ದಾರೆ. ಒಂದು ವರ್ಷ ಸರಾಗ, ಒಂದು ವರ್ಷ ಕುಂಟುತ್ತದೆ. ಮುಂದಿನ ವರ್ಷ ಹೇಗೆ ಎಂದು ಕೇಳಿದರೆ, "ಮಂದಿ ಬೇಕಂದ್ರ ಇರತೈತ್ರಿ" ಎನ್ನುತ್ತಾನೆ.

ಇದನ್ನೆಲ್ಲ ನೆನೆಯುತ್ತ ಕಬ್ಬಿನ ನಡುವಿನ ಕಾಲುದಾರಿ ದಾಟಿ ಹೊಲ ಸೇರಿದೆ. ತಾರಾಬಾಯಿ ಮುದುಕಿಯಾಗಿದ್ದಳು, ಕಣ್ಣು ಮಾತ್ರ ಅದೇ. ಮೊದಲು ಕೇಳಿದ್ದು ನಾನೇ: "ಗೌಡ್ರು ಮುಂದಿನ ವರ್ಷ ಹಸಗೊಂಡ ಬಂದ್ರೇನು?"

"ಎರಡ ವರ್ಷ ಉಂಡ ಬಂದ್ರು ನೋಡ್ರಿ. ಮೂರನೇ ವರ್ಷ ಬಂದು, ತಾರವ್ವಾ ಹಲ್ಲ ಇಲ್ಲ, ಖಡಕ್ ರೊಟ್ಟಿ ಬ್ಯಾಡ, ಬಿಸೀದ ಇದ್ರ ಹಾಕು ಅಂದ್ರು." ಅವಳು ನಗುತ್ತ ಸೊಂಟದಿಂದ ಕುಡಗೋಲು ತೆಗೆದು ನನ್ನ ಕೈಗಿಟ್ಟಳು. "ಈಗ ನಿಮ್ಮ ಪಾಳಿ. ಅವತ್ತ ನಾ ನಿಮ್ಮ ಹೊಲಕ್ಕ ಬಂದಿದ್ನೆಲ್ಲ, ಆ ಮುಯ್ಯಿ ತೀರಸಲಾರದ ಧಾರವಾಡಕ್ಕ ಓಡಿ ಹ್ವಾದ್ರಿ. ನಾ ಇರೂತನಾ ತೀರಸ್ರಿ."

"ನನ್ನ ಮೊಣಕಾಲ ನೋಡ ತಾರಾಬಾಯಿ!"

"ಜ್ವಾಳ ನಿಂತ ಕೊಯ್ಯೂದ್ರಿ, ಮೊಣಕಾಲಿಂದಲ್ಲ. ಒಂದ ಸಾಲ ಮಾಡ್ರಿ, ಅಷ್ಟರಾಗ ರೊಟ್ಟಿ ಬಡೀತೇನಿ. ಉಂಡ ಬಂದೀರೇನು ಮತ್ತ?"

ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ತೆನೆ ಬಗ್ಗಿಸಿದೆ. ಹಾಲುಗಾಳು ಬೆರಳಿಗೆ ಮೆತ್ತಗೆ ಹತ್ತಿತು.

"ಇಲ್ಲವಾ," ಎಂದೆ, "ಹಸಗೊಂಡ ಬಂದೇನಿ."